ಮಣ್ಣಿನ ಮಂಡಳಿಯಲ್ಲಿ ಊರಿನವರ ಸ್ಥಾನ

(ಮಲೆನಾಡಿನ ಗ್ರಾಮ ಪಂಚಾಯಿತಿಗಳ ಜೀವವೈವಿಧ್ಯ ನಿರ್ವಹಣಾ ಸಮಿತಿಗಳ ಸದಸ್ಯರು ಹಾಗೂ ಕಾಲೇಜು ವಿದ್ಯಾರ್ಥಿಗಳಿಗಾಗಿ ನಡೆದ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಣ್ಣು, ನೀರು, ಕಾಡುಗಳ ರಕ್ಷಣೆಯ ಮಾತು ಬಂದಾಗ ಏನನ್ನು ರಕ್ಷಿಸಬೇಕು ಎಂಬುದರ ಬಗೆಗೆ ದೀರ್ಘವಾದ ಚರ್ಚೆ ನಡೆಯುತ್ತದೆ. ಹೇಗೆ ರಕ್ಷಿಸಬೇಕು ಎಂಬುದನ್ನು ತಿಳಿಸುವ ಪುಸ್ತಕಗಳೂ ಸಾಕಷ್ಟಿವೆ. ಆದರೆ ಈ ತೀರ್ಮಾನಗಳನ್ನು ಕೈಗೊಳ್ಳುವ ಸಭೆಯಲ್ಲಿ ಯಾರು ಕುಳಿತಿರಬೇಕು, ನಡಾವಳಿ ಪುಸ್ತಕ ಯಾರ ಕೈಯಲ್ಲಿರಬೇಕು, ಹಣದ ಲೆಕ್ಕವನ್ನು ಯಾರು ಕೇಳಬೇಕು ಎಂಬ ಪ್ರಶ್ನೆಗಳು ಮಾತ್ರ ಹಿಂದೆಯೇ ಉಳಿದುಬಿಡುತ್ತವೆ. ಇಂದಿನ ಉಪನ್ಯಾಸದ ವಿಷಯ ಈ ಹಿಂದೆ ಉಳಿದ ಪ್ರಶ್ನೆಗಳೇ ಆಗಿವೆ.

ಈ ಪ್ರಶ್ನೆಗಳ ಬಗೆಗೆ ಎಂಟು ದಶಕಗಳಿಗೂ ಮಿಕ್ಕಿದ ಅನುಭವವುಳ್ಳ ಒಂದು ವ್ಯವಸ್ಥೆ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿದೆ. ಅಲ್ಲಿ ಸುಮಾರು 3,000 ಮಣ್ಣು ಮತ್ತು ನೀರು ಸಂರಕ್ಷಣಾ ಘಟಕಗಳಿವೆ. ಅವುಗಳನ್ನು ಇಂಗ್ಲಿಷಿನಲ್ಲಿ 'ಡಿಸ್ಟ್ರಿಕ್ಟ್' ಎಂದು ಕರೆಯುತ್ತಾರೆ. ಇವು ಕಂದಾಯ ಜಿಲ್ಲೆಗಳಲ್ಲವಾದ್ದರಿಂದ ಇಲ್ಲಿ ಅವುಗಳನ್ನು 'ಸಂರಕ್ಷಣಾ ವಲಯ' ಎಂದು ಹೆಸರಿಸಲಾಗಿದೆ. ಪ್ರತಿಯೊಂದು ವಲಯಕ್ಕೂ ಒಂದು ಆಡಳಿತ ಮಂಡಳಿಯುಂಟು. ಅನೇಕ ಕಡೆಗಳಲ್ಲಿ ಮಂಡಳಿಯ ಸದಸ್ಯರ ಸಂಖ್ಯೆ 5. ಅವರಲ್ಲಿ ಹೆಚ್ಚಿನವರು ಅದೇ ಸೀಮೆಯ ಒಕ್ಕಲುಗಳು, ಹೈನುಗಾರರು, ತೋಟದವರು, ಇಲ್ಲವೇ ಅಲ್ಲಿಯೇ ನೆಲೆಸಿದ ಇತರ ನಾಗರಿಕರು. ಈ ಕೆಲಸಕ್ಕೆ ಬಹುಮಟ್ಟಿಗೆ ಸಂಬಳವಿಲ್ಲ. ಪ್ರಯಾಣದ ವೆಚ್ಚ ದೊರೆತರೆ ಅದೇ ಹೆಚ್ಚು. ತಿಂಗಳಿಗೊಮ್ಮೆ ಸಭೆ ಸೇರಿ, ಯಾವ ಹಳ್ಳದ ದಂಡೆಗೆ ಮೊದಲು ಕೆಲಸವಾಗಬೇಕು, ಯಾರ ಜಮೀನಿನ ಅರ್ಜಿಗೆ ಸಹಾಯಧನ ಸಲ್ಲಬೇಕು ಎಂಬುದನ್ನು ಇವರು ನಿರ್ಧರಿಸುತ್ತಾರೆ.

ಈ ವ್ಯವಸ್ಥೆಯಲ್ಲಿ ಮೆಚ್ಚತಕ್ಕ ಅಂಶಗಳಿವೆ. ಎಚ್ಚರಿಕೆಯ ಪಾಠಗಳೂ ಇವೆ. ಎರಡೂ ಮಲೆನಾಡಿಗೆ ಸಂಬಂಧಿಸಿದವೇ.

ಧೂಳಿನಿಂದ ಹುಟ್ಟಿದ ಕಾನೂನು

ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ಮಧ್ಯಭಾಗದ ಮಹಾ ಬಯಲುಗಳಲ್ಲಿ ಹುಲ್ಲುಗಾವಲನ್ನು ಉತ್ತು ಗೋಧಿ ಬೆಳೆಯುವ ಕಾರ್ಯ ಭರದಿಂದ ನಡೆಯಿತು. ಮಣ್ಣನ್ನು ಹಿಡಿದಿಟ್ಟಿದ್ದ ಹುಲ್ಲಿನ ಬೇರುಗಳು ಇಲ್ಲವಾದವು. 1930ರ ದಶಕದಲ್ಲಿ ಮಳೆ ಕೈಕೊಟ್ಟಾಗ ಬತ್ತಿಹೋದ ಮಣ್ಣು ಗಾಳಿಗೆ ಎದ್ದಿತು. 1934ರ ಮೇ ತಿಂಗಳ ಬಿರುಗಾಳಿಯಲ್ಲಿ ಆ ಧೂಳು ಸಾವಿರಾರು ಕಿಲೋಮೀಟರು ಸಾಗಿ ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳ ಮೇಲೆ ಉದುರಿತು. 1935ರ ಏಪ್ರಿಲ್ 14ರ ಭಾನುವಾರ ಎದ್ದ ಧೂಳಿನ ಗೋಡೆ ಹಗಲನ್ನೇ ಕತ್ತಲಾಗಿಸಿತು. ಆ ದಿನವನ್ನು ಅಲ್ಲಿಯ ಜನ ಇಂದಿಗೂ 'ಕಪ್ಪು ಭಾನುವಾರ'ವೆಂದೇ ನೆನೆಯುತ್ತಾರೆ.

ಗಾಳಿಯಿಂದಾದ ನಷ್ಟ ಎಲ್ಲರ ಕಣ್ಣಿಗೂ ಬಿತ್ತು. ಆದರೆ ಗುಡ್ಡಗಾಡುಗಳಲ್ಲಿ ಮಳೆನೀರಿನೊಡನೆ ಕೊಚ್ಚಿಹೋಗುತ್ತಿದ್ದ ಮಣ್ಣಿನ ನಷ್ಟ ಸದ್ದಿಲ್ಲದೆ ಅದಕ್ಕೂ ಮೊದಲಿನಿಂದಲೇ ನಡೆದಿತ್ತು. ಇದನ್ನು ಬಹುಕಾಲದಿಂದ ಗಮನಿಸುತ್ತಿದ್ದವರು ಹ್ಯೂ ಹ್ಯಾಮಂಡ್ ಬೆನೆಟ್. 1881ರಲ್ಲಿ ಉತ್ತರ ಕ್ಯಾರೊಲೈನಾ ರಾಜ್ಯದ ಆನ್ಸನ್ ಕೌಂಟಿಯ ಕೃಷಿಕ ಮನೆತನದಲ್ಲಿ ಜನಿಸಿದ ಇವರು ಮಣ್ಣು ಸಮೀಕ್ಷಕರಾಗಿ ಊರೂರು ಸುತ್ತಿದವರು. ಇಳಿಜಾರಿನಲ್ಲಿ ಮೇಲ್ಮಣ್ಣು ಪದರ ಪದರವಾಗಿ ತೆಳುವಾಗುತ್ತ ಹೋಗುವುದನ್ನು ಅವರು ಗುರುತಿಸಿದರು. ಮಣ್ಣಿನ ಸವಕಳಿಯು ಇಡೀ ದೇಶಕ್ಕೆ ಒದಗಿದ ಅಪಾಯವೆಂದು 1928ರಲ್ಲಿ ಸರ್ಕಾರಿ ಪ್ರಕಟಣೆಯೊಂದರ ಮೂಲಕ ಎಚ್ಚರಿಸಿದರು. ಕಪ್ಪು ಭಾನುವಾರ ಕಳೆದು 13 ದಿನಗಳಿಗೆ, 1935ರ ಏಪ್ರಿಲ್ 27ರಂದು, ಮಣ್ಣು ಸಂರಕ್ಷಣಾ ಕಾಯ್ದೆ ಜಾರಿಗೆ ಬಂದಿತು. ಬೆನೆಟ್ ಅವರು ಹೊಸ ಇಲಾಖೆಯ ಮುಖ್ಯಸ್ಥರಾದರು.

ಈ ಕಾಯ್ದೆ ಬರುವುದಕ್ಕೆ ಮೊದಲೇ, 1933ರಲ್ಲಿ, ವಿಸ್ಕಾನ್ಸಿನ್ ರಾಜ್ಯದ ಕೂನ್ ಕಣಿವೆಯಲ್ಲಿ ಒಂದು ಪ್ರಯೋಗ ಆರಂಭವಾಗಿತ್ತು. ಅದು ಕಡಿದಾದ ಗುಡ್ಡಗಳ ಸೀಮೆ. ಇಳಿಜಾರಿನ ಮೇಲಿನಿಂದ ಕೆಳಕ್ಕೆ ಉಳುವ ರೂಢಿಯಿಂದಲೂ, ಗುಡ್ಡದ ಕಾಡಿನಲ್ಲಿ ದನಗಳನ್ನು ಮಿತಿಯಿಲ್ಲದೆ ಮೇಯಿಸಿದ್ದರಿಂದಲೂ ಅಲ್ಲಿ ಆಳವಾದ ಕೊರಕಲುಗಳು ಬಿದ್ದಿದ್ದವು. ಕೆಳಗಿನ ಕಣಿವೆ ಹೂಳಿನಿಂದ ತುಂಬುತ್ತಿತ್ತು. 400ಕ್ಕೂ ಹೆಚ್ಚು ಒಕ್ಕಲುಗಳು ಸರ್ಕಾರದೊಡನೆ ಐದು ವರ್ಷಗಳ ಒಪ್ಪಂದ ಮಾಡಿಕೊಂಡರು. ಸಮಪಾತಳಿಯಲ್ಲಿ ಉಳುವುದು, ಧಾನ್ಯ ಮತ್ತು ಮೇವಿನ ಬೆಳೆಗಳನ್ನು ಪಟ್ಟಿ ಪಟ್ಟಿಯಾಗಿ ಬೆಳೆಯುವುದು, ಕಡಿದಾದ ಕಾಡನ್ನು ದನಗಳಿಂದ ಬೇಲಿ ಹಾಕಿ ಬಿಡಿಸುವುದು, ಕೊರಕಲುಗಳಿಗೆ ತಡೆ ಕಟ್ಟುವುದು – ಇವೆಲ್ಲವೂ ಒಂದೇ ಜಲಾನಯನದಲ್ಲಿ ಒಟ್ಟಾಗಿ ನಡೆದವು. ಆ ಕಣಿವೆಯ ಹೂಳನ್ನು ದಶಕಗಳ ಕಾಲ ಅಳೆದ ಭೂಗೋಳ ವಿಜ್ಞಾನಿ ಸ್ಟ್ಯಾನ್ಲಿ ಟ್ರಿಂಬಲ್ ಅವರು, ಅಲ್ಲಿ ಹೂಳು ಶೇಖರವಾಗುವ ವೇಗ 1930ರ ದಶಕಕ್ಕೆ ಹೋಲಿಸಿದರೆ ಬಹುಪಾಲು ತಗ್ಗಿದೆಯೆಂದು 1999ರಲ್ಲಿ ಪ್ರಕಟಿಸಿದರು.

ಊರಿನವರಿಗೆ ಸ್ಥಾನವೇಕೆ?

ಇಂತಹ ಪ್ರಯೋಗಗಳು ಒಂದೆರಡು ಕಣಿವೆಗಳಲ್ಲಿ ಯಶಸ್ವಿಯಾದವು ನಿಜ. ಇಡೀ ದೇಶದಲ್ಲಿ ಅದನ್ನು ನಡೆಸುವುದು ಹೇಗೆ? ಜಮೀನಿನ ಬಹುಭಾಗ ಖಾಸಗಿ ಒಡೆತನದಲ್ಲಿತ್ತು. ರಾಜಧಾನಿಯಿಂದ ಬಂದ ಅಧಿಕಾರಿಯೊಬ್ಬರು ಒಕ್ಕಲಿನ ಹೊಲದಲ್ಲಿ ನಿಂತು ಹೀಗೆ ಉಳು, ಹಾಗೆ ಉಳಬೇಡ ಎಂದರೆ ಅದು ಎಷ್ಟು ದಿನ ನಡೆದೀತು? ಯೋಜನೆಯ ಹಣ ಮುಗಿದ ಮಾರನೆಯ ವರ್ಷ ಬದುವಿನ ದುರಸ್ತಿ ಯಾರದು? ಈ ಪ್ರಶ್ನೆಗಳಿಗೆ ಉತ್ತರವಾಗಿ, ಸ್ಥಳೀಯರೇ ನಡೆಸುವ ಸಂರಕ್ಷಣಾ ವಲಯದ ಕಲ್ಪನೆ ಮೂಡಿತು.

1937ರ ಫೆಬ್ರವರಿಯಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರು ಎಲ್ಲ ರಾಜ್ಯಗಳ ಗವರ್ನರುಗಳಿಗೂ ಒಂದು ಮಾದರಿ ಕಾನೂನಿನ ಕರಡನ್ನು ಕಳುಹಿಸಿದರು. ಮಣ್ಣನ್ನು ನಾಶಮಾಡುವ ರಾಷ್ಟ್ರ ತನ್ನನ್ನೇ ನಾಶಮಾಡಿಕೊಳ್ಳುತ್ತದೆ ಎಂಬರ್ಥದ ಎಚ್ಚರಿಕೆ ಆ ಪತ್ರದಲ್ಲಿತ್ತು. ಮಾರ್ಚ್ 3ರಂದು ಆರ್ಕನ್ಸಾ ರಾಜ್ಯ ಮೊದಲಿಗೆ ಕಾನೂನನ್ನು ಅಂಗೀಕರಿಸಿತು. ಆಗಸ್ಟ್ 4ರಂದು ಬೆನೆಟ್ ಅವರ ಹುಟ್ಟೂರಿನ ಸೀಮೆಯಾದ ಆನ್ಸನ್ ಕೌಂಟಿಯಲ್ಲಿ ಬ್ರೌನ್ ಕ್ರೀಕ್ ಎಂಬ ಹಳ್ಳದ ಹೆಸರಿನಲ್ಲಿ ಮೊದಲ ಸಂರಕ್ಷಣಾ ವಲಯ ಸ್ಥಾಪನೆಯಾಯಿತು. 1945ರ ಹೊತ್ತಿಗೆ ಅಂದಿನ 48 ರಾಜ್ಯಗಳಲ್ಲಿಯೂ ಇಂತಹ ಕಾನೂನು ಬಂದಿತ್ತು.

ಮಾದರಿ ಕಾನೂನಿನ ಕ್ರಮವನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ವಲಯವನ್ನು ಸರ್ಕಾರ ತಾನಾಗಿ ಘೋಷಿಸುವಂತಿರಲಿಲ್ಲ. ಮೊದಲು ಆ ಸೀಮೆಯ ಕನಿಷ್ಠ 25 ಮಂದಿ ಭೂಮಿಯ ಅನುಭೋಗದಾರರು ಮನವಿ ಸಲ್ಲಿಸಬೇಕು. ಬಳಿಕ ಸಾರ್ವಜನಿಕ ವಿಚಾರಣೆ. ಅನಂತರ ಜನಮತಗಣನೆ. ಜನ ಒಪ್ಪಿದರೆ ಮಾತ್ರ ವಲಯ ರಚನೆಯಾಗುತ್ತದೆ. ಮಂಡಳಿಯ ಐವರಲ್ಲಿ ಮೂವರನ್ನು ಸ್ಥಳೀಯರು ಚುನಾಯಿಸುತ್ತಾರೆ. ಇಬ್ಬರನ್ನು ರಾಜ್ಯಮಟ್ಟದ ಸಮಿತಿ ನೇಮಿಸುತ್ತದೆ. ಊರಿನವರಿಗೆ ಬಹುಮತವಿರುವಂತೆಯೇ ಈ ಲೆಕ್ಕವನ್ನು ಇಡಲಾಗಿದೆ. 'ಮಾಲೀಕ' ಎನ್ನದೆ 'ಅನುಭೋಗದಾರ' ಎಂದು ಬರೆದುದಕ್ಕೂ ಕಾರಣವುಂಟು: ಗೇಣಿದಾರನಿಗೂ ಮತದ ಹಕ್ಕು ಇರಲೆಂಬುದು ಕರಡಿನ ಉದ್ದೇಶವಾಗಿತ್ತು.

ಮುಂದೆ ರಾಜ್ಯಗಳು ಈ ಮಾದರಿಯನ್ನು ತಮತಮಗೆ ಬೇಕಾದಂತೆ ಮಾರ್ಪಡಿಸಿಕೊಂಡವು. ಮಿನ್ನೆಸೋಟದಲ್ಲಿ ಮಂಡಳಿಯ ಐವರೂ ಸಾರ್ವತ್ರಿಕ ಚುನಾವಣೆಯ ಮತಪತ್ರದ ಮೂಲಕವೇ ಆಯ್ಕೆಯಾಗುತ್ತಾರೆ. ವಾಷಿಂಗ್ಟನ್ ರಾಜ್ಯದಲ್ಲಿ ಮೂವರು ಚುನಾಯಿತರು, ಇಬ್ಬರು ನೇಮಿತರು. ವಿಸ್ಕಾನ್ಸಿನ್ 1982ರಲ್ಲಿ ಪ್ರತ್ಯೇಕ ವಲಯಗಳನ್ನು ಕೈಬಿಟ್ಟು, ಆ ಕೆಲಸವನ್ನು ಕೌಂಟಿಗಳ ಭೂ ಸಂರಕ್ಷಣಾ ಸಮಿತಿಗಳಿಗೆ ವಹಿಸಿತು. ರೂಪಗಳು ಬೇರೆಯಾದರೂ ಮೂಲತತ್ವ ಒಂದೇ: ನೆಲದ ಮೇಲೆ ಬಾಳುವವನು ನೆಲದ ತೀರ್ಮಾನದಲ್ಲಿ ಪಾಲುಗಾರನಾಗಿರಬೇಕು.

ತಜ್ಞನ ಸ್ಥಾನ ಪಕ್ಕದಲ್ಲಿ

ಮಂಡಳಿಯ ದಿನನಿತ್ಯದ ಕೆಲಸಗಳಲ್ಲಿ ಆಡಂಬರವೇನೂ ಇಲ್ಲ. ಕೆಲವು ವರ್ಷಗಳ ಅವಧಿಗೆ ಒಂದು ಕಾರ್ಯಯೋಜನೆ ಸಿದ್ಧಪಡಿಸುವುದು, ಪ್ರತಿ ವರ್ಷ ಆಯವ್ಯಯವನ್ನು ಅಂಗೀಕರಿಸುವುದು, ಸಹಾಯಧನದ ಅರ್ಜಿಗಳನ್ನು ಪರಿಶೀಲಿಸುವುದು, ಸಿಬ್ಬಂದಿಯನ್ನು ನೇಮಿಸಿಕೊಳ್ಳುವುದು – ಇವು ಮುಖ್ಯವಾದವು. ಅನೇಕ ವಲಯಗಳು ವರ್ಷಕ್ಕೊಮ್ಮೆ ಸಸಿಗಳನ್ನು ಕಡಿಮೆ ಬೆಲೆಗೆ ಮಾರುತ್ತವೆ. ಉಳುಮೆಯಿಲ್ಲದೆ ಬಿತ್ತುವ ಯಂತ್ರಗಳನ್ನು ಬಾಡಿಗೆಗೆ ಒದಗಿಸುತ್ತವೆ. ಶಾಲೆಯ ಮಕ್ಕಳನ್ನು ಹೊಲ, ಹಳ್ಳಗಳ ದಂಡೆಗೆ ಕರೆದೊಯ್ದು ಮಣ್ಣಿನ ಪಾಠ ಹೇಳುತ್ತವೆ.

ಇಲ್ಲಿ ತಜ್ಞರ ಪಾತ್ರವೇನು? ಕೇಂದ್ರ ಇಲಾಖೆಯ – 1994ರಿಂದ ಅದರ ಹೆಸರು ನೈಸರ್ಗಿಕ ಸಂಪನ್ಮೂಲ ಸಂರಕ್ಷಣಾ ಸೇವೆ – ತಾಂತ್ರಿಕ ಅಧಿಕಾರಿ ಅನೇಕ ಕಡೆಗಳಲ್ಲಿ ವಲಯದ ಕಛೇರಿಯಿರುವ ಕಟ್ಟಡದಲ್ಲಿಯೇ ಕುಳಿತಿರುತ್ತಾನೆ. ಇಳಿಜಾರಿನ ಅಳತೆ, ಬದುವಿನ ಅಂತರ, ನೀರಿನ ಹರಿವಿನ ಲೆಕ್ಕ – ಇವೆಲ್ಲ ಅವನ ವಿದ್ಯೆ. ಮಂಡಳಿಯ ಸಭೆಗೆ ಅವನು ಬರುತ್ತಾನೆ, ವರದಿ ಒಪ್ಪಿಸುತ್ತಾನೆ, ಸಲಹೆ ನೀಡುತ್ತಾನೆ. ಆದರೆ ಅವನು ಮಂಡಳಿಯ ಸದಸ್ಯನಲ್ಲ. ವಲಯದ ಠರಾವನ್ನು ಅಂಗೀಕರಿಸುವವರು, ನಡಾವಳಿಗೆ ಸಹಿ ಹಾಕುವವರು, ವಲಯದ ಹಣಕ್ಕೆ ಉತ್ತರದಾಯಿಗಳಾಗುವವರು ಮಂಡಳಿಯ ಸದಸ್ಯರು. ತಜ್ಞನ ಸ್ಥಾನ ಸದಸ್ಯರ ಪಕ್ಕದಲ್ಲಿ; ಅವರ ತಲೆಯ ಮೇಲಲ್ಲ. ಕೇಳುವುದಕ್ಕೆ ಇದು ಚಿಕ್ಕ ಸಂಗತಿ. ಆದರೆ ಎಂಟು ದಶಕಗಳ ಕಾಲ ಈ ವ್ಯವಸ್ಥೆ ಬಾಳಿ ಬರಲು ಇದೊಂದು ದೊಡ್ಡ ಕಾರಣ.

ತಮ್ಮ ನೀರಿಗೆ ತಾವೇ ಮಿತಿ ಹಾಕಿಕೊಂಡವರು

ಸ್ಥಳೀಯರಿಗೆ ಅಧಿಕಾರವಿತ್ತರೆ ಅವರು ತಮ್ಮ ಲಾಭವನ್ನೇ ನೋಡಿಕೊಳ್ಳುತ್ತಾರೆ ಎಂಬ ಆಕ್ಷೇಪಣೆ ಹಳೆಯದು. ಇದಕ್ಕೆ ನೆಬ್ರಾಸ್ಕ ರಾಜ್ಯದ ಅನುಭವವನ್ನು ಮುಂದಿಡಬಹುದು. ಅಲ್ಲಿ ಮಣ್ಣು, ನೀರು, ಪ್ರವಾಹ, ಬಸಿಗಾಲುವೆ ಎಂದು ಒಂದೊಂದು ಕಾರ್ಯಕ್ಕೂ ಬೇರೆ ಬೇರೆ ಸಂಸ್ಥೆಗಳಿದ್ದವು. 1969ರ ಕಾನೂನಿನಂತೆ 1972ರ ಜುಲೈ 1ರಂದು ಇಂತಹ 154 ಸಂಸ್ಥೆಗಳನ್ನು ಒಗ್ಗೂಡಿಸಿ 24 ನೈಸರ್ಗಿಕ ಸಂಪನ್ಮೂಲ ವಲಯಗಳನ್ನು ರಚಿಸಲಾಯಿತು. 1989ರಿಂದ ಅವುಗಳ ಸಂಖ್ಯೆ 23. ಗಡಿಗಳನ್ನು ನದೀ ಜಲಾನಯನಕ್ಕೆ ಅನುಗುಣವಾಗಿ ಎಳೆಯಲಾಗಿದೆ. ಮಂಡಳಿಗಳು ಚುನಾಯಿತವಾದವು. ಆಸ್ತಿ ತೆರಿಗೆಯ ಒಂದು ಪಾಲನ್ನು ವಿಧಿಸುವ ಅಧಿಕಾರವೂ ಅವುಗಳಿಗುಂಟು.

ಆ ರಾಜ್ಯದ ನೈಋತ್ಯ ಮೂಲೆಯ ಅಪ್ಪರ್ ರಿಪಬ್ಲಿಕನ್ ವಲಯದಲ್ಲಿ ಕೊಳವೆಬಾವಿಗಳ ನೀರಾವರಿ ವೇಗವಾಗಿ ಬೆಳೆದು ಅಂತರ್ಜಲ ಇಳಿಯತೊಡಗಿತು. 1970ರ ದಶಕದ ಕೊನೆಯ ಭಾಗದಲ್ಲಿ ಅಲ್ಲಿಯ ಮಂಡಳಿ ನೀರಾವರಿ ಬಾವಿಗಳಿಗೆ ಮಾಪಕವನ್ನು ಕಡ್ಡಾಯಗೊಳಿಸಿತು. ಎಕರೆಗೆ ಇಷ್ಟೇ ನೀರು ಎಂಬ ಮಿತಿಯನ್ನೂ ವಿಧಿಸಿತು. ಈ ಮಿತಿಗೆ ಒಳಗಾದವರು ಸದಸ್ಯರ ನೆರೆಹೊರೆಯವರು, ಬಂಧುಗಳು. ನೀರಾವರಿ ಒಕ್ಕಲುಗಳಾಗಿದ್ದ ಸದಸ್ಯರ ಹೊಲಗಳಿಗೂ ಅದು ತಪ್ಪಲಿಲ್ಲ. ಅದೇ ಭೂಗರ್ಭ ಜಲನಿಧಿಯನ್ನು ಬಳಸುವ ಟೆಕ್ಸಾಸ್, ಕನ್ಸಾಸ್ ರಾಜ್ಯಗಳಿಗೆ ಹೋಲಿಸಿದರೆ ನೆಬ್ರಾಸ್ಕದಲ್ಲಿ ಅಂತರ್ಜಲದ ಸರಾಸರಿ ಕುಸಿತ ಬಹಳ ಕಡಿಮೆ. ಅಲ್ಲಿಯ ಮರಳುಗುಡ್ಡಗಳ ಸೀಮೆಯಲ್ಲಿ ಮಳೆನೀರು ಚೆನ್ನಾಗಿ ಇಂಗುವುದೂ ಇದಕ್ಕೆ ಒಂದು ಕಾರಣ. ಎಲ್ಲ ಶ್ರೇಯಸ್ಸನ್ನೂ ಮಂಡಳಿಗಳಿಗೆ ಸಲ್ಲಿಸುವುದು ಸರಿಯಲ್ಲ. ನೀರಿನಲ್ಲಿ ಗೊಬ್ಬರದ ನೈಟ್ರೇಟ್ ಸೇರುವ ಸಮಸ್ಯೆಯನ್ನು ಈ ಮಂಡಳಿಗಳು ಇನ್ನೂ ಗೆದ್ದಿಲ್ಲವೆಂಬುದೂ ನಿಜ. ಆದರೂ, ಪಕ್ಕದ ಮನೆಯವನ ಮುಖ ನೋಡುತ್ತ ಅವನ ಬಾವಿಗೆ ಮಿತಿ ಹಾಕುವ ಧೈರ್ಯ ಸ್ಥಳೀಯರಿಗೆ ಬಾರದು ಎಂಬ ಮಾತು ಇಲ್ಲಿ ಸುಳ್ಳಾಯಿತು.

ಖಾಲಿ ಕುರ್ಚಿಯ ಕಥೆ

ಇನ್ನು ದೋಷಗಳ ವಿಚಾರ. ಅವುಗಳನ್ನು ಮರೆಮಾಚಿದರೆ ಈ ಉಪನ್ಯಾಸ ಅಪೂರ್ಣವಾಗುತ್ತದೆ.

ಮೊದಲನೆಯದು, ಜನರ ನಿರಾಸಕ್ತಿ. ವಾಷಿಂಗ್ಟನ್ ರಾಜ್ಯದ ಕೆಲವು ವಲಯಗಳಲ್ಲಿ ಮತದಾನ ಶೇಕಡಾ 1ನ್ನೂ ಮುಟ್ಟದ ಚುನಾವಣೆಗಳು ನಡೆದಿವೆ. ಅನೇಕ ರಾಜ್ಯಗಳಲ್ಲಿ ಸ್ಥಾನಕ್ಕೆ ಒಬ್ಬನೇ ಅಭ್ಯರ್ಥಿ. ಕೆಲವೆಡೆ ಒಬ್ಬನೂ ಇಲ್ಲ. ಕ್ಯಾಲಿಫೋರ್ನಿಯದ ಅನೇಕ ವಲಯಗಳಲ್ಲಿ ಚುನಾವಣೆಗೆ ಬದಲಾಗಿ ಕೌಂಟಿ ಆಡಳಿತವೇ ಸದಸ್ಯರನ್ನು ನೇಮಿಸುತ್ತದೆ. ಹೋರಾಡಿ ಪಡೆದ ಸ್ಥಾನವನ್ನು ಮುಂದಿನ ತಲೆಮಾರು ಖಾಲಿ ಬಿಟ್ಟರೆ, ಆ ಕುರ್ಚಿ ಬಹುಕಾಲ ಖಾಲಿಯಾಗಿ ಉಳಿಯುವುದಿಲ್ಲ. ಯಾರಿಗೆ ಅದರಿಂದ ಪ್ರಯೋಜನವಿದೆಯೋ ಅವರು ಬಂದು ಕುಳಿತುಕೊಳ್ಳುತ್ತಾರೆ.

ಎರಡನೆಯದು, ಊರಿನವರು ಎಂದರೆ ಯಾರು ಎಂಬ ಪ್ರಶ್ನೆ. ಗೇಣಿದಾರರಿಗೂ ಮತ ಇರಲೆಂದು ಮಾದರಿ ಕಾನೂನು ಹೇಳಿದರೂ, ಕೆಲವು ರಾಜ್ಯಗಳು ಅದನ್ನು ಭೂಮಾಲೀಕರಿಗೆ ಮಾತ್ರ ಸೀಮಿತಗೊಳಿಸಿದವು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನಾಂಗದ ಒಕ್ಕಲುಗಳೂ ಪಾಲಿಗೆ ದುಡಿಯುವವರೂ ದಶಕಗಳ ಕಾಲ ಮಂಡಳಿಗಳಿಂದ ಹೊರಗುಳಿದರು. ಮಹಿಳೆಯರ ಸಂಖ್ಯೆಯೂ ಬಹುಕಾಲ ಅತ್ಯಲ್ಪವಾಗಿತ್ತು. ಸ್ಥಳೀಯ ಮಂಡಳಿ ಎಂದೊಡನೆ ಅದು ಜನರ ಮಂಡಳಿಯಾಗಿಬಿಡುವುದಿಲ್ಲ. ಊರಿನ ನಾಲ್ಕು ದೊಡ್ಡ ಮನೆಗಳ ಮಂಡಳಿಯೂ ಸ್ಥಳೀಯವೇ.

ಮೂರನೆಯದು, ಅಧಿಕಾರವನ್ನು ಬಳಸದ ಹಿಂಜರಿಕೆ. ಜನಮತ ಪಡೆದು ಭೂಬಳಕೆಗೆ ನಿಯಮಗಳನ್ನು ರೂಪಿಸುವ ಅವಕಾಶ ಮಾದರಿ ಕಾನೂನಿನಲ್ಲಿತ್ತು. ಅದನ್ನು ಬಳಸಿದ ವಲಯಗಳು ಬೆರಳೆಣಿಕೆಯಷ್ಟು. ಉಳಿದವು ಸಹಾಯಧನ, ಸಲಹೆಗಳಲ್ಲಿಯೇ ತೃಪ್ತವಾದವು. ಸಹಾಯಧನ ಬರುವವರೆಗೆ ಬದು ಇರುತ್ತದೆ; ಬೆಳೆಯ ಬೆಲೆ ಏರಿದ ವರ್ಷ ಬದುವೂ ಉಳುಮೆಗೆ ಸಿಗುತ್ತದೆ.

ಕೂನ್ ಕಣಿವೆಯಲ್ಲಿಯೇ 2018ರ ಆಗಸ್ಟ್ ತಿಂಗಳಲ್ಲಿ ಮತ್ತೊಂದು ಪಾಠ ದೊರೆಯಿತು. ಹಿಂದಿನ ತಲೆಮಾರು ಪ್ರವಾಹ ತಡೆಗಾಗಿ ಕಟ್ಟಿದ್ದ ಮಣ್ಣಿನ ಒಡ್ಡುಗಳಲ್ಲಿ ಆ ಕಣಿವೆಯಲ್ಲೂ ನೆರೆಯ ವೆಸ್ಟ್ ಫೋರ್ಕ್ ಕಿಕಪೂ ಕಣಿವೆಯಲ್ಲೂ ಒಟ್ಟು 5 ಒಡ್ಡುಗಳು ಭಾರಿ ಮಳೆಗೆ ಒಡೆದುಹೋದವು. ಒಮ್ಮೆ ರಕ್ಷಿಸಿದ ಕಣಿವೆ ಶಾಶ್ವತವಾಗಿ ರಕ್ಷಿತವಾಗಿರುವುದಿಲ್ಲ. ಮಳೆಯ ರೀತಿ ಬದಲಾಗುತ್ತಿರುವ ಈ ಕಾಲದಲ್ಲಿ, ಒಡ್ಡುಗಳನ್ನು ಮತ್ತೆ ಕಟ್ಟುವುದೇ, ಕೈಬಿಡುವುದೇ, ಮೇಲಿನ ಇಳಿಜಾರಿನಲ್ಲಿ ನೀರನ್ನು ಇಂಗಿಸುವುದೇ ಎಂಬ ಪ್ರಶ್ನೆಗಳನ್ನು ಅಲ್ಲಿಯ ಜನ ಮತ್ತೆ ಮೊದಲಿನಿಂದ ಎತ್ತಿಕೊಳ್ಳಬೇಕಾಯಿತು. ಮಂಡಳಿಯ ಕೆಲಸಕ್ಕೆ ಮುಕ್ತಾಯವೆಂಬುದಿಲ್ಲ.

ಮಲೆನಾಡಿನಲ್ಲಿ ಈ ಸ್ಥಾನ ಎಲ್ಲಿದೆ?

ಅಮೆರಿಕದ ಕಾನೂನನ್ನು ತಂದು ಪಶ್ಚಿಮ ಘಟ್ಟದ ಮೇಲೆ ಹೊದಿಸುವುದು ಈ ಮಾತಿನ ಉದ್ದೇಶವಲ್ಲ. ಅಲ್ಲಿಯದು ಮುಖ್ಯವಾಗಿ ಖಾಸಗಿ ಜಮೀನಿನ ವ್ಯವಸ್ಥೆ. ಮಲೆನಾಡಿನ ಒಕ್ಕಲಿನ ಬದುಕು ತೋಟ, ಗದ್ದೆಗಳಷ್ಟೇ ಸೊಪ್ಪಿನ ಬೆಟ್ಟ, ಕಾನು, ಗೋಮಾಳ, ಹಳ್ಳಗಳನ್ನೂ ಅವಲಂಬಿಸಿದೆ. ಸೊಪ್ಪು, ದರಕು, ಮೇವು, ಒರತೆಯ ನೀರು – ಇವೆಲ್ಲ ಹಂಚಿಕೊಂಡು ಬಾಳುವ ವಸ್ತುಗಳು. ಆದ್ದರಿಂದ ಇಲ್ಲಿ ಊರಿನವರ ಸಮಿತಿಯ ಅಗತ್ಯ ಅಲ್ಲಿಗಿಂತಲೂ ಹೆಚ್ಚು.

ಮತ್ತು ಈ ಕಲ್ಪನೆ ಇಲ್ಲಿಗೆ ಹೊಸದೂ ಅಲ್ಲ. ಉತ್ತರ ಕನ್ನಡವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಅರಣ್ಯ ಹಕ್ಕುಗಳ ಬಗೆಗೆ ಕಾಲಿನ್ಸ್ ಎಂಬ ಅಧಿಕಾರಿ ನೀಡಿದ ವರದಿಯ ತರುವಾಯ, 1920ರ ದಶಕದಲ್ಲಿ ಕುಮಟಾ ತಾಲ್ಲೂಕಿನ ಹಳಕಾರದಂತಹ ಊರುಗಳಲ್ಲಿ ಗ್ರಾಮ ಅರಣ್ಯ ಪಂಚಾಯಿತಿಗಳು ರೂಪುಗೊಂಡವು. ಬ್ರೌನ್ ಕ್ರೀಕ್ ವಲಯ ಹುಟ್ಟುವುದಕ್ಕೂ ಮೊದಲಿನ ಮಾತಿದು. ಊರಿನವರೇ ಕಾವಲಿಗೆ ಏರ್ಪಾಡು ಮಾಡಿ, ಊರಿನವರೇ ನಿಯಮಗಳನ್ನು ನಡೆಸಿಕೊಂಡು ಬಂದ ಈ ಪದ್ಧತಿಯನ್ನು ಮುಂದೆ ಸರ್ಕಾರ ರದ್ದುಗೊಳಿಸಲು ಹೊರಟಾಗ, ಹಳಕಾರದ ಜನ ನ್ಯಾಯಾಲಯದ ಮೆಟ್ಟಿಲು ಹತ್ತಿ ಅದನ್ನು ಉಳಿಸಿಕೊಂಡರು.

1993ರಲ್ಲಿ ಕರ್ನಾಟಕದಲ್ಲಿ ಜಂಟಿ ಅರಣ್ಯ ಯೋಜನೆಯ ಆದೇಶ ಹೊರಟು ಗ್ರಾಮ ಅರಣ್ಯ ಸಮಿತಿಗಳು ರಚನೆಯಾದವು. ಅಧ್ಯಕ್ಷರು ಊರಿನವರು, ಆದರೆ ಸದಸ್ಯ ಕಾರ್ಯದರ್ಶಿ ಅರಣ್ಯ ಇಲಾಖೆಯ ಸಿಬ್ಬಂದಿ. ಪುಸ್ತಕ, ಪತ್ರವ್ಯವಹಾರ, ಖಾತೆಯ ಜಂಟಿ ಸಹಿ – ಇವು ಕಾರ್ಯದರ್ಶಿಯ ಬಳಿಯಲ್ಲಿ. ಒಳ್ಳೆಯ ಕಾರ್ಯದರ್ಶಿ ದೊರೆತಲ್ಲಿ ಒಳ್ಳೆಯ ಕೆಲಸವೂ ನಡೆಯಿತು. ಅವರ ವರ್ಗಾವಣೆಯಾದ ಮೇಲೆ, ಅಥವಾ ಯೋಜನೆಯ ಹಣ ನಿಂತ ಮೇಲೆ, ಎಷ್ಟೋ ಸಮಿತಿಗಳ ಸಭೆಗಳೂ ನಿಂತವು. ತಜ್ಞ ಪಕ್ಕದಲ್ಲಿ ಕುಳಿತಿರುವುದಕ್ಕೂ, ಪುಸ್ತಕ ಹಿಡಿದು ಎದುರಿಗೆ ಕುಳಿತಿರುವುದಕ್ಕೂ ಇರುವ ವ್ಯತ್ಯಾಸ ಇದು.

2002ರ ಜೈವಿಕ ವೈವಿಧ್ಯ ಕಾಯ್ದೆ ಇನ್ನೊಂದು ಬಾಗಿಲು ತೆರೆಯಿತು. ಪ್ರತಿಯೊಂದು ಸ್ಥಳೀಯ ಸಂಸ್ಥೆಯೂ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ರಚಿಸಬೇಕೆಂದು ಅದರ 41ನೆಯ ಪ್ರಕರಣ ವಿಧಿಸಿತು. ಅಧ್ಯಕ್ಷರಲ್ಲದೆ 6 ಮಂದಿಯವರೆಗೆ ಸದಸ್ಯರು, ಅವರಲ್ಲಿ ಮೂರನೆಯ ಒಂದು ಭಾಗಕ್ಕೆ ಕಡಿಮೆಯಿಲ್ಲದಂತೆ ಮಹಿಳೆಯರು, ಶೇಕಡಾ 18ಕ್ಕೆ ಕಡಿಮೆಯಿಲ್ಲದಂತೆ ಪರಿಶಿಷ್ಟ ಜಾತಿ ಮತ್ತು ಪಂಗಡಗಳವರು ಇರಬೇಕೆಂದು 2004ರ ನಿಯಮಗಳು ಹೇಳಿದವು. 2023ರ ತಿದ್ದುಪಡಿಯು ಸದಸ್ಯರ ಸಂಖ್ಯೆಯನ್ನು 7ರಿಂದ 11ರವರೆಗೆ ನಿಗದಿಪಡಿಸಿತು. ಊರಿನ ಜನರೊಡನೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಸಮಿತಿಯ ಮುಖ್ಯ ಹೊಣೆ. ತನ್ನ ವ್ಯಾಪ್ತಿಯಲ್ಲಿ ವಾಣಿಜ್ಯದ ಉದ್ದೇಶಕ್ಕೆ ಜೈವಿಕ ಸಂಪನ್ಮೂಲವನ್ನು ಸಂಗ್ರಹಿಸುವವರಿಂದ ಶುಲ್ಕ ಪಡೆಯುವ ಅಧಿಕಾರವನ್ನೂ 2002ರ ಕಾಯ್ದೆ ಸಮಿತಿಗೆ ನೀಡಿತು. ಉಪ್ಪಾಗೆ, ಮುರುಗಲು, ದಾಲ್ಚಿನ್ನಿಗಳ ಸೀಮೆಗೆ ಇದು ಸಣ್ಣ ಅಧಿಕಾರವಲ್ಲ.

ಆದರೆ ಬಾಗಿಲು ತೆರೆದಷ್ಟು ಬೇಗ ಜನ ಒಳಗೆ ಬರಲಿಲ್ಲ. ವರ್ಷಗಳು ಕಳೆದರೂ ದೇಶದ ಅನೇಕ ಕಡೆ ಸಮಿತಿಗಳೇ ಆಗಿರಲಿಲ್ಲ. 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣ 2020ರ ಜನವರಿ 31ರ ಗಡುವು ನೀಡಿತು. ತಪ್ಪಿದ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ತೆರಬೇಕೆಂದು ಎಚ್ಚರಿಸಿತು. ಗಡುವು ಬಂದೊಡನೆ ಸಮಿತಿಗಳೂ ದಾಖಲಾತಿಗಳೂ ದೇಶದಾದ್ಯಂತ ತ್ವರೆಯಿಂದ ಸಿದ್ಧವಾದವು. ಹೀಗೆ ತ್ವರೆಯಿಂದ ಆದ ಸಮಿತಿಗಳಲ್ಲಿ ತಮ್ಮ ಹೆಸರು ಪಟ್ಟಿಯಲ್ಲಿರುವುದನ್ನೇ ತಿಳಿಯದ ಸದಸ್ಯರೂ ಇದ್ದಾರೆ. ವಾಷಿಂಗ್ಟನ್ ರಾಜ್ಯದ ಖಾಲಿ ಮತಗಟ್ಟೆಗೂ ಇಂತಹ ಸಮಿತಿಗೂ ಹೆಚ್ಚಿನ ಅಂತರವಿಲ್ಲ. ಗುಡ್ಡ ಕುಸಿದಾಗ, ಹಳ್ಳದ ದಿಕ್ಕು ಬದಲಾಯಿಸುವ ಯೋಜನೆ ಬಂದಾಗ, ಕಾನಿನ ಅಂಚಿನಲ್ಲಿ ಯಂತ್ರ ನಿಂತಾಗ, 'ಸ್ಥಳೀಯ ಸಮಿತಿಯೊಡನೆ ಸಮಾಲೋಚಿಸಲಾಗಿದೆ' ಎಂಬ ಒಂದು ಸಾಲು ಕಡತದಲ್ಲಿ ಸೇರಿಬಿಟ್ಟರೆ, ಅದನ್ನು ಅಲ್ಲಗಳೆಯಲು ಊರಿನವರ ಬಳಿ ಬೇರೊಂದು ಪುಸ್ತಕವಿರಬೇಕಾಗುತ್ತದೆ.

ಸದಸ್ಯರು ಕೇಳತಕ್ಕ ಪ್ರಶ್ನೆಗಳು

ಆದ್ದರಿಂದ ಸಮಿತಿಯ ಸದಸ್ಯರಾದವರು ತಮ್ಮ ಊರಿಗೆ ಮರಳಿದ ಮೇಲೆ ಕೆಲವು ಸರಳ ಪ್ರಶ್ನೆಗಳನ್ನು ಕೇಳುವುದು ಉಚಿತ. ಸಮಿತಿಯ ಸದಸ್ಯರ ಪಟ್ಟಿ ಪಂಚಾಯಿತಿ ಕಛೇರಿಯ ಗೋಡೆಯ ಮೇಲಿದೆಯೇ? ಕಳೆದ ಸಭೆ ಯಾವ ದಿನಾಂಕದಂದು ನಡೆಯಿತು, ನಡಾವಳಿಯನ್ನು ಬರೆದವರು ಯಾರು, ಓದಿ ಹೇಳಿದರೇ? ಜೀವವೈವಿಧ್ಯ ದಾಖಲಾತಿಯಲ್ಲಿ ಊರಿನ ಕಾನು, ಒರತೆ, ಮೀನಿನ ಮಡು, ಕಾಡುಮಾವಿನ ಮರಗಳಿವೆಯೇ, ಅಥವಾ ಪಕ್ಕದ ತಾಲ್ಲೂಕಿನ ದಾಖಲಾತಿಯ ಪ್ರತಿಯೇ ಇಲ್ಲಿಯೂ ಇದೆಯೇ? ಸ್ಥಳೀಯ ಜೀವವೈವಿಧ್ಯ ನಿಧಿಯ ಖಾತೆ ಎಲ್ಲಿದೆ, ಅದರಲ್ಲಿ ಎಷ್ಟು ಹಣವಿದೆ? ಭೂಮಿಯಿಲ್ಲದವರು, ದರಕು ಹೊರುವ ಮಹಿಳೆಯರು, ಜೇನು, ಹಣ್ಣು, ಬೇರು ಸಂಗ್ರಹಿಸುವವರು ಸಭೆಯಲ್ಲಿ ಮಾತನಾಡಿದರೇ?

ಈ ಪ್ರಶ್ನೆಗಳಿಗೆ ಹೊಸ ಕಾನೂನು ಬೇಡ. ಹೋರಾಟದ ಘೋಷಣೆಯೂ ಬೇಡ. ತಿಂಗಳಿಗೊಂದು ಸಂಜೆ ಬೇಕು, ಒಂದು ನಡಾವಳಿ ಪುಸ್ತಕ ಬೇಕು, ಬೇಸರವಿಲ್ಲದೆ ಕೂರುವ ಐದಾರು ಜನ ಬೇಕು.

ವಿದ್ಯಾರ್ಥಿಗಳಿಗೆ ಇನ್ನೊಂದು ಕೆಲಸವುಂಟು. ಊರಿನ ಒಂದು ಹಳ್ಳವನ್ನು ಆರಿಸಿಕೊಂಡು, ಮೊದಲ ಮಳೆಯಿಂದ ಬೇಸಗೆಯವರೆಗೆ ಅದರ ನೀರನ್ನು ಗಮನಿಸಬಹುದು: ಎಂದು ಕೆಂಪಾಗಿ ಹರಿಯಿತು, ಎಂದು ತಿಳಿಯಾಯಿತು, ಯಾವ ತಿಂಗಳು ಹರಿವು ನಿಂತಿತು. ಮೂರು ವರ್ಷ ಹೀಗೆ ಬರೆದಿಟ್ಟ ಒಂದು ನೋಟುಪುಸ್ತಕ ಸಮಿತಿಯ ಮುಂದೆ ಬಂದರೆ, ಅದು ಯಾವ ತಜ್ಞನ ವರದಿಗೂ ಕಡಿಮೆಯಲ್ಲದ ದಾಖಲೆಯಾಗುತ್ತದೆ. ಬೆನೆಟ್ ಅವರೂ ಮೊದಲಿಗೆ ಮಾಡಿದ್ದು ಇದನ್ನೇ – ಇಳಿಜಾರಿನಲ್ಲಿ ನಿಂತು ಮಣ್ಣನ್ನು ನೋಡಿದರು, ಕಂಡದ್ದನ್ನು ಬರೆದಿಟ್ಟರು.

ಆನ್ಸನ್ ಕೌಂಟಿಯ ಜನರಿಗೆ 1937ರಲ್ಲಿ ಒಂದು ಸ್ಥಾನ ದೊರೆಯಿತು. ಹಳಕಾರದವರು ಅದಕ್ಕೂ ಮೊದಲೇ ಪಡೆದಿದ್ದ ಸ್ಥಾನವನ್ನು ಬಿಟ್ಟುಕೊಡಲಿಲ್ಲ. ಇಂದು ಮಲೆನಾಡಿನ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಕಾನೂನು ಅಂತಹ ಕೆಲವು ಸ್ಥಾನಗಳನ್ನು ಇಟ್ಟಿದೆ. ಈ ಮಳೆಗಾಲ ಮುಗಿಯುವುದರೊಳಗೆ ಅವುಗಳಲ್ಲಿ ಊರಿನವರು ಬಂದು ಕುಳಿತುಕೊಳ್ಳುವಂತಾಗಲಿ.